ಶಿವರಾಮರ ಸಕ್ಕರೆ ಶಿಬಿರ

ಶಿವರಾಮರಿಗೆ ಸಕ್ಕರೆ ಕಾಯಿಲೆ ಬಂದದ್ದೂ ಬ್ಯಾಂಕಿನಲ್ಲಿ ಬಡ್ತಿ ಬಂದದ್ದೂ ಒಂದೇ ವರ್ಷ. ಎರಡರಲ್ಲಿ ಯಾವುದರ ಬಗ್ಗೆ ಅವರಿಗೆ ಹೆಮ್ಮೆ ಹೆಚ್ಚು ಎಂಬುದು ಹೆಂಡತಿ ರೇಣುಕಾರಿಗೂ ಬಗೆಹರಿದಿರಲಿಲ್ಲ. ಸಿಂಗಪುರದ ಜುರಾಂಗ್ ಈಸ್ಟ್‌ನ ಅವರ ಫ್ಲಾಟಿಗೆ ಯಾರೇ ಬರಲಿ, ಕಾಫಿಗೆ ಮುಂಚೆ ‘ನನ್ನ ಷುಗರ್’ ಬರುತ್ತಿತ್ತು. ರ‍್ಯಾಂಕ್ ಬಂದ ಮಗನ ಸುದ್ದಿ ಎತ್ತುವ ಹಾಗೆ ಎತ್ತುತ್ತಿದ್ದರು. ಬರಿಹೊಟ್ಟೆಯಲ್ಲಿ ಎಷ್ಟಿತ್ತು, ಮುದ್ದೆ ಉಂಡ ಮೇಲೆ ಎಷ್ಟಾಯಿತು, ಮೈಸೂರಿಗೆ ಹೋಗಿ ಬಂದ ಮೇಲೆ ಹೇಗೆ ಏರಿತು, ವಾಕಿಂಗ್ ಮಾಡಿ ಅದನ್ನು ಹೇಗೆ ಬಗ್ಗಿಸಿದರು. ದೊಡ್ಡ ಹುದ್ದೆಯವನಿಗೆ ದೊಡ್ಡ ಹುದ್ದೆಯ ರೋಗ. ಕಜ್ಜಿ, ಕೆಮ್ಮು, ಕ್ಷಯಗಳೆಲ್ಲ ಇತರರ ಪಾಲಿಗೆ.

ಆ ಮನೆಯಲ್ಲಿ ಕಾಫಿ ತಂದಿಡುತ್ತಿದ್ದವಳು ಎರ್ಲಿಂಡಾ. ಫಿಲಿಪೀನ್ಸಿನ ನೆಗ್ರೋಸ್ ದ್ವೀಪದವಳು. ಕಬ್ಬು ಬಿಟ್ಟರೆ ಬೇರೇನೂ ಬೆಳೆಯದ, ಬೆಳೆದ ಕಬ್ಬು ಬೆಳೆದವರದಲ್ಲದ ಊರು. ವಯಸ್ಸು ನಲವತ್ತರ ಹತ್ತಿರ. ಸೀರೆ ಒಣಹಾಕುವ ಬಿದಿರು ಕೋಲಿನಂಥ ಮೈ. ನಾಲ್ಕು ವರ್ಷದಲ್ಲಿ ಅವಳಿಗೆ ಕನ್ನಡ ಬಂದಿತ್ತು. ಯಾರೂ ಕಲಿಸಿದ್ದಲ್ಲ. ಅಡುಗೆಯ ಮಾತಾಗಿ, ಅಪ್ಪಣೆಯಾಗಿ, ಬೈಗುಳವಾಗಿ ಅದು ತಾನಾಗಿ ಕಿವಿಗೆ ಬಿದ್ದು ಅಲ್ಲೇ ಉಳಿದಿತ್ತು.

ಯಜಮಾನರಿಗೆ ರಾಗಿ, ಹೆಂಡತಿ ಮಗಳಿಗೆ ಚಪಾತಿ. ಹಾಗಾಗಿ ಅಕ್ಕಿಯೆಲ್ಲ ಎರ್ಲಿಂಡಾಳಿಗೆ. ಹಬ್ಬಕ್ಕೆ ಬಂದ ಒಬ್ಬಟ್ಟು, ಬೆಂಗಳೂರಿನಿಂದ ಬಂದವರು ತಂದ ಮೈಸೂರುಪಾಕು, ಪೂಜೆಯ ಸಜ್ಜಿಗೆ, ಇವನ್ನೂ ಯಜಮಾನರು ಮುಟ್ಟುವಂತಿಲ್ಲ, ಎಸೆದರೆ ಅನ್ನಪೂರ್ಣೆಗೆ ಅವಮಾನ. ಹೀಗೆ ಎಸೆಯಬಾರದ್ದೆಲ್ಲ ಅವಳ ತಟ್ಟೆಗೆ ಬೀಳುತ್ತಿತ್ತು. ‘ನಾವು ಮೇಯ್ಡ್‌ನ ಮನೆಮಗಳ ಥರ ನೋಡ್ಕೋತೀವಿ’ ಎಂದು ರೇಣುಕಾ ಫೋನಿನಲ್ಲಿ ಹೇಳುತ್ತಿದ್ದದ್ದು ಇದನ್ನೇ.

ತೊಂಬತ್ತೇಳರಲ್ಲಿ, ಸುಮಾತ್ರಾದ ಕಾಡ್ಗಿಚ್ಚಿನ ಹೊಗೆ ಸಿಂಗಪುರವನ್ನು ಮುಚ್ಚಿದ್ದ ದಿನಗಳಲ್ಲಿ, ಅಡುಗೆಮನೆಯ ಪಕ್ಕದ ಪುಟ್ಟ ಟಾಯ್ಲೆಟ್ಟಿಗೆ ಇರುವೆ ಬಂದವು. ಅದು ಎರ್ಲಿಂಡಾಳ ಟಾಯ್ಲೆಟ್. ಮನೆಯವರು ಅದಕ್ಕೆ ಕಾಲಿಡುತ್ತಿರಲಿಲ್ಲ. ವಾಷಿಂಗ್ ಮೆಷಿನ್ ನೀರು ಹೋಗದೆ ನಿಂತಾಗ ರೇಣುಕಾ ಒಮ್ಮೆ ಬಗ್ಗಿ ನೋಡಿದರು. ಗೋಡೆಯ ಬಿರುಕಿನಿಂದ ಕಕ್ಕಸಿನ ಬಾಯಿಯ ತನಕ ಒಂದು ಕಪ್ಪು ದಾರ ಹರಿಯುತ್ತಿತ್ತು.

“ರೀ, ಬನ್ನಿ ಇಲ್ಲಿ. ಗೊತ್ತಾಯ್ತು ಬಿಡಿ ನಂಗೆ. ಟಾಯ್ಲೆಟ್‌ನಲ್ಲಿ ಕೂತ್ಕೊಂಡು ತಿಂತಾಳೆ!”

“ಏನನ್ನ?”

“ಸಕ್ಕರೆ ಕಣ್ರೀ! ಡಬ್ಬ ಯಾಕೆ ಬೇಗ ಖಾಲಿ ಆಗತ್ತೆ ಅಂತ ನಾನೂ ನೋಡ್ತಾನೇ ಇದ್ದೆ.”

“ಕೊಟ್ಟಿದ್ದೇ ತಿಂದು ಮುಗಿಸಲ್ಲ ಅಂತೀಯ, ಮತ್ತೆ ಕದೀತಾಳೆ ಅಂತೀಯ.”

“ಕದ್ದು ತಿಂದ್ರೇನೇ ರುಚಿ ಇವರಿಗೆ. ಎರ್ಲಿಂಡಾ! ಏನಿದು? ವೈ ಆಂಟ್ಸ್?”

ಎರ್ಲಿಂಡಾ ಇರುವೆ ನೋಡಿದಳು. ಮುಖದ ರಕ್ತ ಇಳಿಯಿತು. “ಗೊತ್ತಿಲ್ಲ ಮ್ಯಾಡಮ್. ಐ ಕ್ಲೀನ್.”

“ನೋಡಿ, ಮುಖ ನೋಡಿ! ಕಳ್ಳಿ ಮುಖ ಅಂದ್ರೆ ಇದು.”

ಅಂದಿನಿಂದ ಸಕ್ಕರೆ ಡಬ್ಬ ರೇಣುಕಾರ ಬೆಡ್‌ರೂಮಿನ ಬೀರು ಸೇರಿತು. ಕಾಫಿಗೆ ಸಕ್ಕರೆ ಬೇಕಾದಾಗಲೆಲ್ಲ ಅವರು ಬೀಗದ ಕೈ ಝಣಝಣಿಸುತ್ತ ಎದ್ದು ಹೋಗುತ್ತಿದ್ದರು. ಶಿವರಾಮರು ಊರಿನಿಂದ ತಂದಿದ್ದ ಇರುವೆ ಸೀಮೆಸುಣ್ಣದಿಂದ ಟಾಯ್ಲೆಟ್ಟಿನ ಹೊಸ್ತಿಲಿಗೆ ತಾವೇ ಗೀಟು ಎಳೆದರು. ಇರುವೆಗಳು ಗೀಟು ಬಳಸಿ ಬಂದವು.

ಈ ಶಿವರಾಮರ ತಂದೆಗೆ ಸಕ್ಕರೆ ಕಾಯಿಲೆ ಇದೆ ಎಂದು ಮೊದಲು ಕಂಡುಹಿಡಿದದ್ದು ಇರುವೆಗಳೇ. ಹಿತ್ತಲಲ್ಲಿ ಅವರು ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತಿದ್ದನ್ನು ಶಿವರಾಮರ ಅಜ್ಜಿ ನೋಡಿ ಪಂಡಿತರನ್ನು ಕರೆಸಿದ ಕಥೆಯನ್ನು ಶಿವರಾಮರು ಪ್ರತಿ ಪಾರ್ಟಿಯಲ್ಲೂ ಹೇಳುತ್ತಿದ್ದರು. ‘ನಮ್ಮ ಹಿರಿಯರ ಸೈನ್ಸ್ ನೋಡಿ!’ ಎನ್ನುತ್ತಿದ್ದರು. ಆ ಸೈನ್ಸು ಅಡುಗೆಮನೆ ದಾಟಿ ಆಚೆಯ ಕಕ್ಕಸಿನ ತನಕ ಹೋಗಲಿಲ್ಲ. ಒಡೆಯನ ಉಚ್ಚೆಗೆ ಇರುವೆ ಬಂದರೆ ರೋಗ, ಆಳಿನ ಉಚ್ಚೆಗೆ ಬಂದರೆ ಕಳ್ಳತನ.

ಎರ್ಲಿಂಡಾಳಿಗೆ ಗೊತ್ತಿತ್ತು. ಅವಳ ತಾಯಿಗೂ ಹೀಗೇ ಆಗಿತ್ತು. ಮೊದಲು ಬಾಯಾರಿಕೆ. ಆಮೇಲೆ ಕಾಲಿನ ಜೋಮು. ಆಮೇಲೆ ಒಂದು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲು. ಆಸ್ಪತ್ರೆಯಿದ್ದ ಪಟ್ಟಣಕ್ಕೆ ತಲುಪುವಷ್ಟರಲ್ಲಿ ಪ್ರತಿ ಸಲವೂ ಇನ್ನಷ್ಟು ಮೇಲಕ್ಕೆ ಕತ್ತರಿಸಬೇಕಾಗುತ್ತಿತ್ತು. ಒಂಟಿ ಕಾಲಿನ ಆ ತಾಯಿ ಈಗ ಮನೆಯ ಮುಂದಿನ ಬೆಂಚಿನ ಮೇಲೆ ಕೂತು ಮೊಮ್ಮಕ್ಕಳನ್ನು ಕೂಗಿ ಕೂಗಿ ಕರೆಯುತ್ತಾಳೆ. ಎದ್ದು ಹಿಡಿಯಲು ಆಗುವುದಿಲ್ಲ. ತಾನೂ ಹಾಗೆ ಕೂರಬಾರದು ಎಂಬುದೊಂದೇ ಎರ್ಲಿಂಡಾಳ ಹಟ. ಆದರೆ ಇಲ್ಲಿ ಬಾಯಿಬಿಟ್ಟರೆ ಆ ಬೆಂಚಿಗೇ ಟಿಕೆಟ್. ಕೆಳಗಿನ ಮಹಡಿಯ ಮನೆಯಲ್ಲಿ ಕೆಲಸಕ್ಕಿದ್ದ ಹುಡುಗಿಗೆ ಎದೆಯಲ್ಲಿ ಗಂಟು ಕಂಡಾಗ ಅವಳನ್ನು ವಾರದೊಳಗೆ ವಿಮಾನ ಹತ್ತಿಸಿದ್ದರು. ಅವಳ ಕೈಗೆ ಒಂದು ಹೊಸ ಸೂಟ್‌ಕೇಸ್ ಕೊಟ್ಟದ್ದನ್ನು ಆ ಮನೆಯವರು ಇಂದಿಗೂ ಹೇಳಿಕೊಳ್ಳುತ್ತಾರೆ.

ಪರೀಕ್ಷೆ ಇರಲಿಲ್ಲವೇ? ಇತ್ತು. ಆರು ತಿಂಗಳಿಗೊಮ್ಮೆ ರೇಣುಕಾ ಅವಳನ್ನು ಕ್ಲಿನಿಕ್ಕಿಗೆ ಕರೆದೊಯ್ಯಲೇಬೇಕು, ಕಾನೂನು. ಅಲ್ಲಿ ಅವಳ ರಕ್ತವನ್ನೂ ಉಚ್ಚೆಯನ್ನೂ ತೆಗೆದುಕೊಂಡು ಕೇಳುತ್ತಿದ್ದ ಪ್ರಶ್ನೆಗಳು ಇಷ್ಟೇ: ಬಸುರಾಗಿದ್ದಾಳೋ? ಅಂಟುರೋಗ ಏನಾದರೂ ತಂದಿದ್ದಾಳೋ? ಎರಡೂ ಇಲ್ಲ ಎಂದಾದರೆ ಅವಳು ಆರೋಗ್ಯವಂತೆ. ಅವಳ ರಕ್ತ ಅವಳಿಗೇ ಏನು ಮಾಡುತ್ತಿದೆ ಎಂದು ಯಾರಿಗೂ ಕುತೂಹಲವಿರಲಿಲ್ಲ.

ಒಂದು ಶುಕ್ರವಾರ ಸಂಜೆ ಸಾಂಬ್ರಾಣಿ ಹಾಕುವಾಗ ರೇಣುಕಾರ ಕೈಯ ಧೂಪಾರತಿ ವಾಲಿ, ಒಂದು ಕೆಂಡ ಅಡುಗೆಮನೆಯ ಹೊಸ್ತಿಲ ಬಳಿ ಬಿತ್ತು. ಆ ಮನೆಯೊಳಗೆ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ. ಲಕ್ಷ್ಮಿ ಓಡಾಡುವ ನೆಲ. ಬಂದ ಹೊಸದರಲ್ಲಿ ಎರ್ಲಿಂಡಾ ತನ್ನೂರಿನ ಅಭ್ಯಾಸದಂತೆ ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕುತ್ತಿದ್ದಳು. ರೇಣುಕಾ ಅದನ್ನು ಎತ್ತಿ ಕಸ ಕೆಳಗಿಳಿಸುವ ಚೂಟಿನ ಕೊಳವೆಗೆ ಎಸೆದಿದ್ದರು. ಈಗ ಕುಕ್ಕರ್ ಹಿಡಿದು ಬಂದವಳು ಬರಿಗಾಲಿನಲ್ಲಿ ಆ ಕೆಂಡದ ಮೇಲೆ ನಿಂತಳು. ನಿಂತೇ ಇದ್ದಳು. “ಮ್ಯಾಡಮ್, ಸಾರಿಗೆ ಒಗ್ಗರಣೆ ಈಗ ಹಾಕ್ಲಾ?” ಎಂದು ಕೇಳಿದಳು. ಸಾಂಬ್ರಾಣಿಯ ಪರಿಮಳದೊಳಗೆ ಬೇರೊಂದು ವಾಸನೆ ಸೇರಿದಾಗಲೇ ರೇಣುಕಾ ಕೆಳಗೆ ನೋಡಿದ್ದು.

“ಅಯ್ಯೋ ಕಾಲು! ಕಾಲು ತೆಗಿಯೇ! ರೀ, ನೋಡಿದ್ರಾ, ಕೆಂಡದ ಮೇಲೆ ನಿಂತಿದಾಳೆ, ಗೊತ್ತೇ ಆಗಿಲ್ಲ. ಚರ್ಮ ಎಷ್ಟು ದಪ್ಪ ನೋಡಿ ಇವರದ್ದು.”

“ಗದ್ದೆಯಲ್ಲಿ ದುಡಿದ ಕಾಲು ಕಣೆ. ನಿಂದಾಗಿದ್ರೆ ಆಂಬ್ಯುಲೆನ್ಸ್ ಬರಬೇಕಿತ್ತು,” ಎಂದು ಶಿವರಾಮರು ಟಿವಿಯ ಮುಂದಿನಿಂದಲೇ ನಕ್ಕರು.

ಮಗಳು ಸ್ಪಂದನಾ ಮಾತ್ರ ಬಂದು ನೋಡಿ, ತನ್ನ ಸಿಂಗಪುರದ ಸ್ಕೂಲಿನ ಧಾಟಿಯಲ್ಲಿ, “ಅಮ್ಮಾ, ಅದು ಬರ್ನ್ ಆಗಿದೆ ಲಾ. ಡಾಕ್ಟರ್‌ಗೆ ತೋರಿಸಬೇಕು,” ಅಂದಳು. “ಟೂತ್‌ಪೇಸ್ಟ್ ಹಚ್ಚಿದ್ರೆ ಹೋಗತ್ತೆ, ನೀನು ಹೋಮ್‌ವರ್ಕ್ ಮಾಡು,” ಎಂದು ರೇಣುಕಾ ಕಳಿಸಿದರು.

ಟೂತ್‌ಪೇಸ್ಟಿಗೆ ಹೋಗಲಿಲ್ಲ. ಬೊಬ್ಬೆ ಒಡೆದು ಹುಣ್ಣಾಯಿತು, ಹುಣ್ಣು ಕಿರುಬೆರಳ ಕಡೆ ಹರಿಯಿತು. ಎರ್ಲಿಂಡಾ ಸ್ಟೋರ್ ರೂಮಿನ ತನ್ನ ಹಾಸಿಗೆಯ ಮೇಲೆ ಕೂತು ಉಪ್ಪುನೀರಲ್ಲಿ ತೊಳೆದು, ಹಳೆಯ ಟೀ ಶರ್ಟಿನ ಪಟ್ಟಿ ಸುತ್ತಿ, ಮೇಲೆ ಕಾಲುಚೀಲ ಹಾಕುತ್ತಿದ್ದಳು. ನೋವಿರಲಿಲ್ಲ. ನೋವಿಲ್ಲದಿರುವುದೇ ಅವಳನ್ನು ಹೆದರಿಸಿತು. ಬೆರಳನ್ನು ಉಗುರಿನಿಂದ ಚಿವುಟುವಳು. ಬೇರೆ ಯಾರದೋ ಬೆರಳನ್ನು ಚಿವುಟಿದ ಹಾಗಿರುತ್ತಿತ್ತು.

ಇದೇ ಹೊತ್ತಿಗೆ ಶಿವರಾಮರು ತಮ್ಮ ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ಏನಾದರೂ ಸಮಾಜಸೇವೆ ಮಾಡಬೇಕೆಂದು ಹೊರಟಿದ್ದರು. ಅವರು ಕಾರ್ಯದರ್ಶಿ. ಸೇವೆ ಯಾವುದು ಎಂದು ಹುಡುಕಬೇಕಾಗಿಯೇ ಇರಲಿಲ್ಲ: ಸಕ್ಕರೆ ಕಾಯಿಲೆ ತಪಾಸಣಾ ಶಿಬಿರ. ಊಟಕ್ಕೆ ಬಿಸಿಬೇಳೆಬಾತು, ಜಾಮೂನು. ಜಾಮೂನು ಬೇಕೋ ಬೇಡವೋ ಎಂದು ಕಮಿಟಿಯಲ್ಲಿ ಚರ್ಚೆಯಾಯಿತಂತೆ. ‘ಜಾಮೂನಿಲ್ಲದ ರಾಜ್ಯೋತ್ಸವಕ್ಕೆ ಯಾರ್ರೀ ಬರ್ತಾರೆ?’ ಎಂದು ಖಜಾಂಚಿ ಅವಿನಾಶ್ ಕೇಳಿದ ಮೇಲೆ ಜಾಮೂನು ಪಾಸಾಯಿತು.

ಭಾನುವಾರ ಶಿವರಾಮರ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎಂಬ ಗೋಡೆಯಿಲ್ಲದ ನೆಲಮಹಡಿಯಲ್ಲಿ, ಕಂಬಗಳಿಗೆ ಕೆಂಪು ಹಳದಿ ಕಾಗದ ಸುತ್ತಿ, ಭುವನೇಶ್ವರಿಯ ಪಟ ಇಟ್ಟು ದೀಪ ಹಚ್ಚಿದರು. ಪಟದ ಮುಂದೆಯೇ ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಶಿವರಾಮರ ಮನೆಯ ಸಕ್ಕರೆ ನೋಡುವ ಮೆಷಿನ್. ಮೇಜಿನ ಹಿಂದೆ ಡಾಕ್ಟರ್ ನಿರುಪಮಾ. ಮೈಸೂರಿನವರು, ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಕೆಲಸ. ರಜಾ ದಿನ ಬಂದ ತಪ್ಪಿಗೆ ಅವರ ಕೊರಳಿಗೆ ಆಗಲೇ ಒಂದು ಹಾರ ಬಿದ್ದಿತ್ತು. ಎರ್ಲಿಂಡಾ ಬೆಳಿಗ್ಗೆಯಿಂದ ಕುರ್ಚಿ ಹೊತ್ತು, ಈಗ ಜಾಮೂನನ್ನು ಕಾಗದದ ಬಟ್ಟಲಿಗೆ ಹಾಕುತ್ತಿದ್ದಳು. ಕಾಲುಚೀಲದ ಮೇಲೆ ಸ್ಪಂದನಾಳ ಹಳೇ ಕ್ಯಾನ್ವಾಸ್ ಶೂ.

ಶಿವರಾಮರು ಮೈಕು ಹಿಡಿದರು. ಕನ್ನಡಾಂಬೆಗೆ ಒಂದು ನಮಸ್ಕಾರ ಹಾಕಿ ನೇರವಾಗಿ ತಮ್ಮ ಷುಗರ್‌ಗೆ ಬಂದರು. ಅಲ್ಲಿಂದ ತಂದೆಗೆ, ಹಿತ್ತಲಿಗೆ, ಇರುವೆಗೆ. ಜನ ಪ್ರತಿ ಸಲದಂತೆ ನಕ್ಕರು. ಆದರೆ ಮೇಜಿನ ಹತ್ತಿರ ಯಾರೂ ಸುಳಿಯಲಿಲ್ಲ.

“ಬನ್ನಿ, ಬನ್ನಿ, ನಾಚ್ಕೋಬೇಡಿ. ಅವಿನಾಶ್, ನೀನೇ ಬಾರಪ್ಪ.”

“ಮೊದ್ಲು ಜಾಮೂನು ಸರ್, ಆಮೇಲೆ ಜಡ್ಜ್‌ಮೆಂಟು!”

“ಹೆದರ್ತೀರಲ್ರೀ ಒಂದು ಸೂಜಿಗೆ! ನೋಡಿ, ಡೆಮೋ ಮಾಡಿ ತೋರಿಸ್ತೀನಿ. ಎರ್ಲಿಂಡಾ, ಕಮ್! ಕೈಯಲ್ಲಿರೋದು ಇಡು, ಬಾ.”

ಎರ್ಲಿಂಡಾ ಕದಲಲಿಲ್ಲ. “ನೋ ಸರ್. ಪ್ಲೀಸ್ ಸರ್. ಕೆಲಸ ಇದೆ.”

“ಸೂಜಿಗೆ ಹೆದರ್ತಾಳೆ ಪಾಪ!” ಎಂದು ಯಾರೋ ಅಂದರು. ನಗು. ರೇಣುಕಾ ಬಂದು ಅವಳ ತೋಳು ಹಿಡಿದು ಮೇಜಿನ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. “ಸರ್ ಹೇಳಿದ್ಮೇಲೆ ಮುಗೀತು. ಸಿಟ್.”

“ಇವಳನ್ನ ಯಾಕೆ ಕರೆದೆ ಗೊತ್ತಾ?” ಶಿವರಾಮರು ಮೈಕಿನಲ್ಲಿ ಮುಂದುವರಿಸಿದರು. “ನಾವು ಕೂತು ತಿನ್ನೋರು, ನಮಗೆ ಬಂತು. ಇವರು ಬೆವರು ಸುರಿಸೋರು. ಮೈಯಲ್ಲಿ ಒಂದು ಗ್ರಾಮ್ ಕೊಬ್ಬಿಲ್ಲ. ಇಂಥವರಿಗೆ ಷುಗರ್ ಬರಲ್ಲ. ಇವಳ ರೀಡಿಂಗ್ ನೋಡಿ, ಐದರ ಒಳಗೇ ಇರತ್ತೆ, ಅಂದ್ರೆ ನಮ್ಮೂರ ಲೆಕ್ಕದಲ್ಲಿ ತೊಂಬತ್ತು. ನಾರ್ಮಲ್ ಅಂದ್ರೆ ಹೇಗಿರಬೇಕು ಅಂತ ಇವಳನ್ನ ನೋಡಿ ಕಲೀರಿ!”

ಚಪ್ಪಾಳೆ. ನಿರುಪಮಾ ಸೂಜಿ ಚುಚ್ಚಿದರು. ರಕ್ತದ ಬೊಟ್ಟನ್ನು ಪಟ್ಟಿಗೆ ಮುಟ್ಟಿಸಿದರು. ಮೆಷಿನ್ ಕೀಚ್ ಎಂದಿತು. ಶಿವರಾಮರು ಮೈಕಿನ ಸಮೇತ ಬಗ್ಗಿ ನೋಡಿದರು.

“ಇಪ್ಪತ್ತೇಳು,” ಎಂದರು ನಿರುಪಮಾ.

“ಏ, ಮೆಷಿನ್ ಹಾಳಾಗಿದೆ. ನಂದೇ ಯಾವತ್ತೂ ಹದಿನಾಲ್ಕು ದಾಟಿಲ್ಲ!” ಶಿವರಾಮರ ದನಿಯಲ್ಲಿ ಯಾರೋ ತಮ್ಮ ಸೀಟಿನಲ್ಲಿ ಕೂತ ಹಾಗಿನ ಸಿಟ್ಟಿತ್ತು.

“ಜಾಮೂನು ಪಾಕ ಸರ್, ಕೈಗೆ ಅಂಟಿರತ್ತೆ!” ಎಂದು ಅವಿನಾಶ್ ಕೂಗಿದ. ದೊಡ್ಡ ನಗು ಎದ್ದಿತು. ಶಿವರಾಮರೂ ಸಮಾಧಾನದಿಂದ ನಕ್ಕರು. “ಅದೇ ಮತ್ತೆ! ನೋಡಿ, ಬೆರಳಿಗೆ ಅಂಟಿದ ಪಾಕಕ್ಕೇ ಇಪ್ಪತ್ತೇಳು. ಹೊಟ್ಟೆಗೆ ಹೋದ್ರೆ ಎಷ್ಟು ಅಂತ ಯೋಚನೆ ಮಾಡಿ!”

ನಿರುಪಮಾ ನಗಲಿಲ್ಲ. ನೀರು ತರಿಸಿ ಎರ್ಲಿಂಡಾಳ ಕೈಯನ್ನು ಸೋಪಿನಲ್ಲಿ ತೊಳೆಸಿ, ಒರೆಸಿ, ಇನ್ನೊಂದು ಕೈಯ ಬೆರಳಿಗೆ ಚುಚ್ಚಿದರು. ಮೆಷಿನ್ ಮತ್ತೆ ಇಪ್ಪತ್ತೇಳನ್ನೇ ತೋರಿಸಿತು. ಮೈಕು ಸಣ್ಣಗೆ ಕೂಗುತ್ತಿತ್ತು.

“ಬಾಯಾರಿಕೆ ಇದೆಯಾ? ಟಾಯ್ಲೆಟ್‌ಗೆ ಜಾಸ್ತಿ ಹೋಗ್ತೀಯಾ?” ಎಂದು ನಿರುಪಮಾ ಇಂಗ್ಲಿಷಿನಲ್ಲಿ ಕೇಳಿದರು. ಎರ್ಲಿಂಡಾ ಅವರಿಗೆ ಉತ್ತರಿಸದೆ ಶಿವರಾಮರ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು. “ಸರ್, ನಿಮ್ಮ ಅಪ್ಪಂದು ಇರುವೆ ಬಂತು. ನಂದೂ ಇರುವೆ ಬಂತು.”

ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕೈಯಲ್ಲಿದ್ದ ಬಟ್ಟಲನ್ನು ಮೆಲ್ಲಗೆ ಕುರ್ಚಿಯ ಕೆಳಗಿಟ್ಟಳು.

“ಕದ್ದು ತಿಂದ್ರೆ ಇನ್ನೇನಾಗತ್ತೆ?” ರೇಣುಕಾ ಬಾಯಿ ಹಾಕಿದರು. “ಸಕ್ಕರೆ ಡಬ್ಬ ಬೀಗ ಹಾಕಿ ಇಟ್ಟಿದೀನಿ ನಾನು!”

“ಸಕ್ಕರೆ ತಿಂದು ಬರೋ ಕಾಯಿಲೆ ಅಲ್ಲ ರೇಣುಕಾ ಇದು,” ನಿರುಪಮಾ ಅಂದರು. “ಬೀಗ ಹಾಕಿದ್ಮೇಲೆ ಇರುವೆ ಹೋಯ್ತಾ?”

ರೇಣುಕಾ ಗಂಡನ ಕಡೆ ತಿರುಗಿದರು.

“ನಮ್ಮ ವಾರ್ಡಿಗೆ ಬರ್ತಾರೆ ಇವರ ಊರಿನ ಹೆಣ್ಣುಮಕ್ಕಳು. ನಮ್ಮ ಹಾಗೇನೇ ಅವರಿಗೂ ಇದು ಹತ್ತಿರದ ಕಾಯಿಲೆ. ತೆಳ್ಳಗಿದ್ರೂ ಬರತ್ತೆ. ತೆಳ್ಳಗಿದಾರೆ ಅಂತ ಯಾರೂ ನೋಡಲ್ಲ. ಕಾಲು ಕಪ್ಪಾದ ಮೇಲೆ ತಗೊಂಡು ಬರ್ತಾರೆ. ಎರ್ಲಿಂಡಾ, ಕಾಲಲ್ಲಿ ಏನಾದ್ರೂ ಗಾಯ ಇದೆಯಾ?”

ಎರ್ಲಿಂಡಾ ತುಟಿ ಕಚ್ಚಿದಳು. ಬೇಡವೆಂದರೂ ಕಣ್ಣು ತನ್ನ ಶೂ ಕಡೆ ಹೋಯಿತು.

ಶಿವರಾಮರು ತಟ್ಟನೆ ಮೈಕು ಆರಿಸಿದರು. “ಡಾಕ್ಟ್ರೇ, ಇದು ಫ್ಯಾಮಿಲಿ ಮ್ಯಾಟರ್. ಮನೇಲಿ ನಾವು ನೋಡ್ಕೋತೀವಿ. ಪ್ರೋಗ್ರಾಮ್ ಲೇಟ್ ಆಗ್ತಿದೆ. ಅವಿನಾಶ್, ಊಟ ಶುರು ಮಾಡ್ಸಪ್ಪ.” ಆಮೇಲೆ ಕಂಬದ ಮರೆಗೆ ಹೆಂಡತಿಯನ್ನು ಕರೆದು ಪಿಸುಗುಟ್ಟಿದರು. ಆ ಕಂಬ ಎರ್ಲಿಂಡಾಳ ಕುರ್ಚಿಯಿಂದ ಎರಡು ಮಾರು ದೂರದಲ್ಲಿತ್ತು. ಮೇಯ್ಡ್ ಮುಂದೆ ಕನ್ನಡದಲ್ಲಿ ಪಿಸುಗುಟ್ಟಿದರೆ ಗುಟ್ಟು ಎಂದು ನಾಲ್ಕು ವರ್ಷದಿಂದಲೂ ಅವರು ನಂಬಿದ್ದರು.

“ಹಾಸ್ಪಿಟಲ್ ಅಂದ್ರೆ ಎಲ್ಲಾ ನಮ್ಮ ತಲೆಗೆ ಬರತ್ತೆ ಕಣೆ. ನಾಳೇನೇ ಟಿಕೆಟ್ ಬುಕ್ ಮಾಡ್ಬಿಡೋಣ. ಅವರ ಊರಲ್ಲೂ ಡಾಕ್ಟರ್ ಇರ್ತಾರೆ.”

“ಹೊಸಬಳು ಬರೋ ತನಕ ಅಡುಗೆ?”

“ಹೊರಗಿಂದ ತರೋಣ. ಈಗ ಮೇಲೆ ಕಳಿಸು ಇವಳನ್ನ.”

ರೇಣುಕಾ ಬಂದು ಮುಖದ ತುಂಬ ನಗು ತಂದುಕೊಂಡು, “ನೀನು ಮನೆಗೆ ಹೋಗಿ ರೆಸ್ಟ್ ತಗೋ ಎರ್ಲಿಂಡಾ. ಬೀಗದ ಕೈ ತಗೋ. ಗೋ,” ಎಂದರು.

ಎರ್ಲಿಂಡಾ ಬೀಗದ ಕೈ ತೆಗೆದುಕೊಳ್ಳಲಿಲ್ಲ. ಬಗ್ಗಿ ಶೂ ಬಿಚ್ಚಿದಳು. ಕಾಲುಚೀಲ ಎಳೆದಳು. ಬಟ್ಟೆಯ ಪಟ್ಟಿ ಸುತ್ತು ಸುತ್ತಾಗಿ ಬಿಡಿಸಿದಳು. ಕೊನೆಯ ಸುತ್ತು ಅಂಟಿಕೊಂಡಿತ್ತು, ಜಗ್ಗಿ ಕಿತ್ತಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ಎರಡೂ ಕೈಯಿಂದ ಆ ಕಾಲನ್ನು ಎತ್ತಿ, ಬಿಳಿ ಬಟ್ಟೆಯ ಮೇಜಿನ ಮೇಲೆ, ಮೆಷಿನ್ ಪಕ್ಕ, ಭುವನೇಶ್ವರಿಯ ಎದುರಿಗೇ ಇಟ್ಟಳು.

ಅಂಗಾಲಿನ ಹೊರಬದಿ ಕೊಳೆತು ತೆರೆದುಕೊಂಡಿತ್ತು. ಕಡೆಯ ಎರಡು ಬೆರಳು ಸುಟ್ಟ ಬದನೆಯ ಬಣ್ಣಕ್ಕೆ ತಿರುಗಿದ್ದವು. ವಾಸನೆ ಮುಂದಿನ ಸಾಲನ್ನು ದಾಟಿ ಬಿಸಿಬೇಳೆಬಾತಿನ ತನಕ ಹೋಯಿತು.

ಆಗ ಏನೇನು ಕೇಳಿಬಂತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು. ಅಯ್ಯೋ ಪಾಪ ಎಂದವರು ಒಬ್ಬರೋ ಇಬ್ಬರೋ. ಮಿಕ್ಕವರೆಲ್ಲ ಕೂಗಿದ್ದು ಒಂದೇ ಮಾತು.

“ಕಾಲು! ದೇವಿ ಮುಂದೆ ಕಾಲು!”

“ದೀಪ ಉರೀತಿದೆ ಕಣ್ರೀ, ಇಳಿಸ್ರೀ ಯಾರಾದ್ರೂ!”

“ಊಟದ ಜಾಗ ಇದು, ಮಕ್ಕಳಿದಾರೆ!”

ಕೊಳೆತದ್ದು ಅವರಿಗೆ ಕಾಣಲಿಲ್ಲ, ಕಾಲು ಮಾತ್ರ ಕಂಡಿತು. ಶಿವರಾಮರು ಕೆಂಪಾಗಿ, “ಪುಟ್ ಇಟ್ ಡೌನ್! ಎರ್ಲಿಂಡಾ, ಇಳಿಸು ಅಂದೆ!” ಎಂದು ಮೇಜಿಗೆ ಗುದ್ದಿದರು. ಆದರೆ ಕಾಲನ್ನು ಮುಟ್ಟಿ ಇಳಿಸಲು ಅವರೂ ಮುಂದಾಗಲಿಲ್ಲ, ಯಾರೂ ಆಗಲಿಲ್ಲ. ಮುಟ್ಟಬಾರದ್ದನ್ನು ಮುಟ್ಟದೆ ಬಾಳಿದ ಜನ. ಆ ವಿದ್ಯೆ ಅಂದು ಅವರಿಗೇ ತಿರುಗಿಬಿತ್ತು.

“ಇಳಿಸಲ್ಲ ಸರ್. ಹಾಸ್ಪಿಟಲ್.”

“ಆಯ್ತು, ಕರ್ಕೊಂಡು ಹೋಗ್ತೀವಿ, ನಾಳೆ ಕರ್ಕೊಂಡು ಹೋಗ್ತೀವಿ. ಈಗ ಇಳಿಸು.”

“ನಾಳೆ ಟಿಕೆಟ್ ಅಂತ ಹೇಳಿದ್ರಿ ಸರ್. ನಂಗೆ ಕೇಳಿಸ್ತು. ಅಮ್ಮಂದು ಹೀಗೇ ಹೋಯ್ತು, ನಾಳೆ, ನಾಳೆ. ಈಗ ಹಾಸ್ಪಿಟಲ್. ಆಮೇಲೆ ಕಾಲು ಇಳಿಸ್ತೀನಿ.”

ನಿರುಪಮಾ ಕೊರಳಿನ ಹಾರ ತೆಗೆದು ಕುರ್ಚಿಯ ಮೇಲೆ ಹಾಕಿದರು. ಕಾಲನ್ನು ಕೈಯಲ್ಲಿ ಹಿಡಿದು ಪಾದದ ಮೇಲ್ಗಡೆ ನಾಡಿ ಹುಡುಕಿದರು. ಹುಡುಕಿ ಸಿಕ್ಕಿದಾಗ ಉಸಿರು ಬಿಟ್ಟರು. “ರಕ್ತ ಓಡ್ತಿದೆ. ಇವತ್ತು ಹೋದ್ರೆ ಪಾದ ಉಳಿಸಬಹುದು. ಅವಿನಾಶ್, ನಿಮ್ಮ ಮೊಬೈಲ್ ಕೊಡಿ. ಕೊಡ್ರೀ, ಅದನ್ನ ತೋರಿಸೋಕೆ ಮಾತ್ರ ಇಟ್ಕೊಂಡಿದೀರಾ?”

ಆಂಬ್ಯುಲೆನ್ಸ್ ಬರುವ ತನಕ ಕಾಲು ಮೇಜಿನ ಮೇಲೆಯೇ ಇತ್ತು. ಪಕ್ಕದ ಕಲ್ಲುಮೇಜಿನಲ್ಲಿ ಚೆಸ್ ಆಡುತ್ತಿದ್ದ ಚೀನೀ ಮುದುಕರು ಆಟ ಬಿಟ್ಟು ಬಂದು ನಿಂತರು. ಅವರಲ್ಲೊಬ್ಬ ತನ್ನ ಮಡಚಿದ ಟವೆಲನ್ನು ಕಾಲಿನ ಕೆಳಗೆ ಇಟ್ಟ. ಕನ್ನಡಾಂಬೆಯ ಮಕ್ಕಳು ಪಟವನ್ನು ಎತ್ತಿಕೊಂಡು ಹೋಗಿ ಲಿಫ್ಟಿನ ಬಳಿ ಇಟ್ಟರು. ದೇವಿಯನ್ನು ಜಾಗ ಬದಲಾಯಿಸುವುದು ಹೆಣ್ಣೊಬ್ಬಳ ಕಾಲನ್ನು ನೋಡುವುದಕ್ಕಿಂತ ಸುಲಭವಿತ್ತು. ಊಟ ಆ ಬದಿಗೆ ಸಾಗಿತು. ಬೆರಳು ಕೊಡಲು ಮತ್ತೆ ಯಾರೂ ಬರಲಿಲ್ಲ. ಜಾಮೂನು ಮಾತ್ರ ಪೂರ್ತಿ ಖರ್ಚಾಯಿತು.

ಆಸ್ಪತ್ರೆಯಲ್ಲಿ ಎರಡು ಬೆರಳು ಹೋದವು. ಪಾದ ಉಳಿಯಿತು. ಗಾಯ ಮಾಯುವ ತನಕ ಅವಳನ್ನು ವಿಮಾನ ಹತ್ತಿಸುವಂತಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದ್ದನ್ನು ಶಿವರಾಮರು ಅರ್ಥವಾಗದವರ ಹಾಗೆ ಎರಡು ಸಲ ಕೇಳಿಸಿಕೊಂಡರಂತೆ. ಬಳಗದ ಕಮಿಟಿ ಸಭೆ ಸೇರಿ ದೇವಿಯ ಪಟಕ್ಕೆ ಶುದ್ಧಿ ಪೂಜೆ ಮಾಡಿಸುವ ನಿರ್ಣಯ ಮಾಡಿತು.

ನಾಲ್ಕನೆಯ ದಿನ ರೇಣುಕಾ ಒಬ್ಬರೇ ವಾರ್ಡಿಗೆ ಬಂದರು. ಕೈಯಲ್ಲಿ ಫ್ಲಾಸ್ಕು. ಒಳಗೆ ರಾಗಿ ಗಂಜಿ. ಇಷ್ಟು ವರ್ಷದಲ್ಲಿ ಎರ್ಲಿಂಡಾಳಿಗೆ ಆ ಮನೆಯ ರಾಗಿ ಸಿಕ್ಕಿದ್ದು ಅದೇ ಮೊದಲು. ರೇಣುಕಾ ಸ್ಟೂಲಿನ ಮೇಲೆ ಕೂತು ತುಂಬ ಹೊತ್ತು ಬ್ಯಾಂಡೇಜು ಬಿಟ್ಟು ಮಿಕ್ಕದ್ದೆಲ್ಲ ನೋಡಿದರು. ಕೊನೆಗೆ ತಡೆಯಲಾಗಲಿಲ್ಲ.

“ಅಷ್ಟು ಜನದ ಮುಂದೆ ನಮ್ಮ ಮಾನ ತೆಗೆದ್ಯಲ್ಲೇ. ನಾನು ನಿನಗೆ ಏನು ಕಮ್ಮಿ ಮಾಡಿದ್ದೆ? ಮೆಲ್ಲಗೆ ನನ್ನ ಕಿವೀಲಿ ಹೇಳಿದ್ರೆ ಆಗ್ತಿರ್ಲಿಲ್ವಾ?”

ಎರ್ಲಿಂಡಾ ಯೋಚಿಸಿದಳು. ಕನ್ನಡದಲ್ಲಿ ಮಾತು ಹುಡುಕುತ್ತಿದ್ದಳು.

“ಕಿವೀಲಿ ಹೇಳಿದ್ರೆ ಟಿಕೆಟ್ ಮ್ಯಾಡಮ್. ಜೋರಾಗಿ ಹೇಳಿದ್ರೆ ಡಾಕ್ಟರ್.”

ರೇಣುಕಾ ಫ್ಲಾಸ್ಕಿನ ಮುಚ್ಚಳವನ್ನು ಇನ್ನಷ್ಟು ಬಿಗಿದರು.

“ಕಾಲು ಸ್ವಲ್ಪ ಎತ್ತಿ ಇಡಬೇಕು,” ಎಂದಳು ಎರ್ಲಿಂಡಾ. “ನರ್ಸ್ ಹೇಳಿದ್ದು. ಕೆಳಗೆ ದಿಂಬು ಬಿದ್ದಿದೆ. ಇಡ್ತೀರಾ?”

ರೇಣುಕಾ ವಾರ್ಡಿನ ಆ ಕಡೆ ನೋಡಿದರು, ಈ ಕಡೆ ನೋಡಿದರು. ಪರಿಚಯದ ಮುಖ ಯಾವುದೂ ಇರಲಿಲ್ಲ. ಆಮೇಲೆ ಬಗ್ಗಿ ದಿಂಬು ಎತ್ತಿಕೊಂಡರು.